ಗುಂಡಿಯ ಬೆನ್ನು

ರಾಡ್ನಿ ಹಾಗ್ಬೆನ್ ಒಂದಲ್ಲ ಒಂದು ದಿನ ತನ್ನ ಬಾಗಿಲಿಗೆ ಬಂದೇ ಬರುತ್ತಾನೆ ಎಂದು ಏವಿಸ್ ಚಿಟೆಂಡೆನ್‌ಗೆ ಗೊತ್ತಿತ್ತು. ಯಾವ ದಿನ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಾಗಾಗಿ ಎರಡು ವರ್ಷದಿಂದ ಅಡುಗೆಮನೆಯ ಮೇಜನ್ನು ಸದಾ ಒರೆಸಿಯೇ ಇಟ್ಟಿದ್ದಳು. ಆಗದವನು ಬಂದು ಕೂತಾಗ ಎದುರಿಗೆ ಎಂಜಲು ತಟ್ಟೆ ಬಿದ್ದಿರಬಾರದು ಎಂಬುದು ಅವಳ ಹಟ.

ಅವನು ಬಂದದ್ದು ಜುಲೈ ತಿಂಗಳ ಒಂದು ಶನಿವಾರ, ಹನ್ನೊಂದು ಗಂಟೆಯ ಬಿಸಿಲಲ್ಲಿ. ಕಂಕುಳಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ, ಮುಖದ ಮೇಲೆ ಏನೂ ನಡೆದೇ ಇಲ್ಲವೆಂಬ ನಗು.

"ಏನ್ ಏವಿಸ್, ಸಂಘದ ಕಡೆ ತಲೆ ಹಾಕೋದೇ ಬಿಟ್ಟುಬಿಟ್ರಲ್ಲ? ನೀವಿಲ್ಲದೆ ನಮ್ಮ ಗುಂಡಿಗಳೆಲ್ಲ ಅನಾಥ ಆಗಿವೆ."

"ಬನ್ನಿ, ಕೂತ್ಕೊಳ್ಳಿ" ಎಂದಳು ಏವಿಸ್. "ಚಹಾ ಇಡ್ತೀನಿ."

ಕೆಟಲಿಗೆ ನೀರು ತುಂಬುವಾಗ ಮೇಜಿನ ಮೇಲೆ ಒಂದು ಎಂಜಲು ತಟ್ಟೆಯೂ ಇಲ್ಲ ಎಂಬುದನ್ನು ನೋಡಿಕೊಂಡಳು. ಖುಷಿಯಾಯಿತು.

ಏವಿಸ್ ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದು ಹಳ್ಳಿಯ ಶಾಲೆಯ ಅಡುಗೆಯವಳು. ವಯಸ್ಸು ಐವತ್ತೇಳು. ಗಂಡ ಸ್ಟಾನ್ಲಿ ಬದುಕಿದ್ದಾಗ ಭಾನುವಾರ ಬಂತೆಂದರೆ ಇಬ್ಬರೂ ಮಣ್ಣಿನೊಳಗಿನ ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಯಾರದಾದರೂ ಹೊಲಕ್ಕೆ ಹೋಗುತ್ತಿದ್ದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಡೆಯುವುದು, 'ಕುಂಯ್' ಎಂದಲ್ಲಿ ಅಗೆಯುವುದು ಸ್ಟಾನ್ಲಿಯ ಕೆಲಸ. ಮಣ್ಣಿನಿಂದ ಬಂದದ್ದು ಏನೆಂದು ನೋಡುವುದು ಇವಳ ಕೆಲಸ. ಬಂಗಾರ ಬೆಳ್ಳಿ ಸಿಗುವುದು ಹತ್ತು ವರ್ಷಕ್ಕೊಮ್ಮೆ. ಸಿಗುವುದೆಲ್ಲ ಬಟ್ಟೆಯ ಗುಂಡಿಗಳು: ಬೂದು ತವರದವು, ಹಸಿರು ಬಂದ ಹಿತ್ತಾಳೆಯವು, ಸಿಪಾಯಿಗಳ ಕೋಟಿನವು. ಉಳಿದವರು ಅವನ್ನು ಬೇಲಿಯಾಚೆ ಎಸೆಯುತ್ತಿದ್ದ ಕಾಲದಲ್ಲಿ ಏವಿಸ್ ಅವನ್ನು ಮನೆಗೆ ತಂದಳು. ಮೇಡ್‌ಸ್ಟನ್ ಊರಿನ ಗ್ರಂಥಾಲಯದಲ್ಲಿ ಕೂತು ಓದಿದಳು, ವಸ್ತುಸಂಗ್ರಹಾಲಯಗಳಿಗೆ ಪತ್ರ ಬರೆದಳು, ಬೇಡದ ಊಟದ ಪಟ್ಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದೊಂದೇ ಗುಂಡಿಯ ಚಿತ್ರ ಬರೆದಳು. ಎಲ್ಲರೂ ಗುಂಡಿಯ ಮುಖ ನೋಡುತ್ತಿದ್ದರು: ಕಿರೀಟ, ಅಂಕೆ, ಲಂಗರು. ಏವಿಸ್ ಅದನ್ನು ಬೋರಲು ಹಾಕುತ್ತಿದ್ದಳು. ಹಿಂದಿನ ಕೊಂಡಿ ಎರಕದ್ದೋ ಬೆಸುಗೆಯದೋ, ತಯಾರಕನ ಹೆಸರಿದೆಯೋ ಇಲ್ಲವೋ, ಇದ್ದರೆ ಯಾವ ಬೀದಿಯ ವಿಳಾಸ. ಮುಖ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ ಎನ್ನುತ್ತಿದ್ದಳು. ಸ್ಟಾನ್ಲಿ ಸತ್ತಮೇಲೂ ಅವಳು ಬಿಡಲಿಲ್ಲ. ಹದಿನೆಂಟು ವರ್ಷ, ಡಿಟೆಕ್ಟರ್ ಹವ್ಯಾಸಿಗಳ ಸಂಘದ ತಿಂಗಳ ಸಭೆಯಲ್ಲಿ ಮೂಲೆಯ ಮೇಜು ಅವಳದು. ಜನ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲ ಹಿಡಿದು ಸಾಲಾಗಿ ಬರುತ್ತಿದ್ದರು.

ಹಾಗ್ಬೆನ್ ಲಂಡನ್‌ನಲ್ಲಿ ವಿಮೆ ಕಚೇರಿಯಿಂದ ನಿವೃತ್ತನಾಗಿ ಬಂದವನು. ಎರಡನೇ ವರ್ಷಕ್ಕೇ ಸಂಘದ ಅಧ್ಯಕ್ಷನಾದ. "ಸಮಿತಿಗೆ ತೋರಿಸ್ತೀನಿ, ವಾರದಲ್ಲಿ ವಾಪಸ್" ಎಂದು ಅವಳ ನಾಲ್ಕು ನೋಟುಪುಸ್ತಕಗಳನ್ನು ತೆಗೆದುಕೊಂಡು ಹೋದ. ವಾಪಸು ಬಂದದ್ದು ಒಂದು ಅಚ್ಚಾದ ಪುಸ್ತಕ: 'ಕೆಂಟ್ ನೆಲದ ಸೈನಿಕ ಗುಂಡಿಗಳು', ರಾಡ್ನಿ ಹಾಗ್ಬೆನ್. ಅವಳ ಚಿತ್ರಗಳು, ಅವಳ ಮಾತುಗಳು, ಎಲ್ಲೆಲ್ಲಿ ಅನುಮಾನವಿತ್ತೋ ಅಲ್ಲಲ್ಲಿ ಅವಳು ಹಾಕಿದ್ದ ಪ್ರಶ್ನೆಚಿಹ್ನೆ ಸಮೇತ.

ಎರಡು ವರ್ಷದ ಹಿಂದೆ ಸಂಘದ ಸಭೆಯಲ್ಲಿ ಏವಿಸ್ ಎದ್ದು ನಿಂತು "ಆ ಚಿತ್ರಗಳು ನನ್ನವು" ಎಂದಿದ್ದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಾಗ್ಬೆನ್ ಸಿಟ್ಟಾಗಿದ್ದರೆ ಏನೋ ಒಂದು ಆಗುತ್ತಿತ್ತು. ಅವನು ಕೈ ಚಾಚಿ, ಮದುವೆಮನೆಯಲ್ಲಿ ಅಡುಗೆಯವರನ್ನು ಹೊಗಳುವವರ ಹಾಗೆ, "ಖಂಡಿತ! ಏವಿಸ್ ಇಲ್ಲದಿದ್ರೆ ಈ ಪುಸ್ತಕಾನೇ ಇರ್ತಿರಲಿಲ್ಲ. ಅಷ್ಟು ಚೆನ್ನಾಗಿ ಗುಂಡಿ ತೊಳೆಯೋರು ಇಡೀ ಕೆಂಟ್‌ನಲ್ಲಿ ಸಿಗಲ್ಲ" ಎಂದ.

ಜನ ನಕ್ಕರು. ಕೆಟ್ಟದ್ದಕ್ಕಲ್ಲ, ಸುಮ್ಮನೆ. ಇಪ್ಪತ್ತು ವರ್ಷದ ಗೆಳತಿ ಹಿಲರಿ ಬೋರ್ಮನ್ ಕೂಡ ನಕ್ಕಳು. ಏವಿಸ್ ಕೂತಳು. ಅವತ್ತು ಅವಳೂ ನಕ್ಕಿದ್ದಳು. ಅದನ್ನೇ ಅವಳಿಗೆ ಕ್ಷಮಿಸಿಕೊಳ್ಳಲಾಗಿರಲಿಲ್ಲ. ಹೆಂಗಸರ ಮುಖದಲ್ಲಿ ಅಂಥದೊಂದು ನಗು ಯಾರೂ ಕಲಿಸದೆಯೇ ಇರುತ್ತದೆ, ಬಾಗಿಲು ಬಡಿದ ಕೂಡಲೇ ಓಡಿಬರುವ ಆಳಿನ ಹಾಗೆ.

ಈಗ ಹಾಗ್ಬೆನ್ ಡಬ್ಬಿಯ ಮುಚ್ಚಳ ತೆಗೆದ. ಹತ್ತಿಯ ಮೇಲೆ ಅರವತ್ತಮೂರು ಗುಂಡಿಗಳು.

"ಎಲ್ಲಾ ಒಂದೇ ಹೊಲದ್ದು! ಲಕ್‌ಹರ್ಸ್ಟ್ ಮುದುಕಿಯ ಹಳೇ ಹಾಪ್ ತೋಟ ಇದೆಯಲ್ಲ, ಕೆಳಗಿಂದು. ಅದರಲ್ಲಿ ಇದನ್ನ ನೋಡಿ." ಉಗುರಲ್ಲಿ ಒಂದನ್ನು ಎತ್ತಿ ಹಿಡಿದ. ಓಕ್ ಎಲೆ, ಅದರ ಮೇಲೆ ಕಿರೀಟ. "ಇಂಥವು ಹತ್ತೊಂಬತ್ತು. ಉತ್ತರದ ಜಿಲ್ಲೆಯೊಂದರ ಮಿಲಿಷಿಯಾ ಪಡೆ ತಾನೇ? ಫ್ರೆಂಚರು ಸಮುದ್ರ ದಾಟಿ ಬರ್ತಾರೆ ಅಂತ ಹೆದರಿಕೊಂಡಿದ್ದ ಕಾಲದ್ದು?"

ಏವಿಸ್ ಭೂತಗನ್ನಡಿ ತಂದಳು. ತಿರುಗಿಸಿ ನೋಡಿದಳು. "ಹೌದು. ಅದೇ ಮಿಲಿಷಿಯಾ. ಅದೇ ಕಾಲ."

"ನನಗೆ ಗೊತ್ತಿತ್ತು!" ಅವನು ಮೇಜು ಗುದ್ದಿದ. "ಆ ಹೊಲದಲ್ಲಿ ಸೈನ್ಯ ಬೀಡು ಬಿಟ್ಟಿತ್ತು, ಏವಿಸ್! ಯಾವ ಪುಸ್ತಕದಲ್ಲೂ ಇಲ್ಲ, ಯಾವ ನಕ್ಷೇಲೂ ಇಲ್ಲ. ಕಂಡುಹಿಡಿದಿದ್ದು ನಾನು. ಸೆಪ್ಟೆಂಬರಲ್ಲಿ ಅಲ್ಲಿ ನೆನಪಿನ ಕಲ್ಲು ನೆಡಿಸ್ತಾ ಇದೀನಿ. ಗ್ರಾಮಸಭೆ ಒಪ್ಪಿದೆ. ಪೇಪರಿನೋರು ಬರ್ತಾರೆ."

ಅವಳು ಒಂದೊಂದನ್ನೇ ಬೋರಲು ಹಾಕುತ್ತ ಹೋದಳು. ಓಕ್ ಎಲೆಯವು ಹತ್ತೊಂಬತ್ತು ಬಿಟ್ಟರೆ ಉಳಿದ ನಲವತ್ತನಾಲ್ಕು ಒಂದು ಜಾತಿಯವಲ್ಲ. ಹನ್ನೊಂದು ಬೇರೆ ಬೇರೆ ಪಡೆಗಳವು. ನೌಕಾಪಡೆಯದೊಂದು. ಜೈಲಿನ ಕಾವಲುಗಾರನದೊಂದು. ಅಂಚೆಯವನದೊಂದು. ಓಕ್ ಎಲೆಯವಕ್ಕಿಂತ ಐವತ್ತು ವರ್ಷ ಈಚಿನವು, ನೂರು ವರ್ಷ ಈಚಿನವೂ ಇದ್ದವು. ಆಮೇಲೆ ಒಂದು ಹಿತ್ತಾಳೆ ಗುಂಡಿಯ ಕೊಂಡಿಯಲ್ಲಿ ಅವಳ ಕಣ್ಣು ಸಿಕ್ಕಿಕೊಂಡಿತು. ಹಸಿರು ಕಿಲುಬಿನೊಳಗೆ ಉಗುರಿನಷ್ಟಗಲ ಉಣ್ಣೆಬಟ್ಟೆ ಇನ್ನೂ ಕೂತಿತ್ತು. ಅದರ ಅಂಚು ನೇರ, ಕತ್ತರಿ ಆಡಿಸಿದ ಹಾಗೆ.

ಸಿಪಾಯಿಯ ಕೋಟಿನಿಂದ ಗುಂಡಿ ಉದುರುವುದು ದಾರ ಹರಿದಾಗ. ಉದುರುವ ಗುಂಡಿ ಬಟ್ಟೆಯನ್ನೂ ಜೊತೆಗೆ ಕರೆದುಕೊಂಡು ಬರುವುದಿಲ್ಲ.

ಏವಿಸ್‌ಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಅವಳ ಅಜ್ಜ ಹಾಪ್ ತೋಟಗಳಲ್ಲಿ ಕೂಲಿ ಮಾಡಿದವನು. ಬಿಯರಿಗೆ ಕಹಿ ಕೊಡುವ ಆ ಬಳ್ಳಿ ಬಕಾಸುರ; ಅದಕ್ಕೆ ಸಗಣಿ ಗೊಬ್ಬರ ಸಾಲದು, ಉಣ್ಣೆ ಬೇಕು. ಲಂಡನ್‌ನಿಂದ ಹಳೆಯ ಉಣ್ಣೆ ಚಿಂದಿ ಮೂಟೆಗಟ್ಟಲೆ ಬರುತ್ತಿತ್ತು, ಕತ್ತರಿಸಿ ಬುಡಕ್ಕೆ ಹಾಕುತ್ತಿದ್ದರು. ಉಣ್ಣೆ ಎಂದರೆ ಹೆಚ್ಚಿನದು ಯಾವುದು? ಸೈನ್ಯ ಬಿಸಾಡಿದ ಕೋಟುಗಳು. ಬಟ್ಟೆ ಕೊಳೆತು ಬಳ್ಳಿಯ ಹೊಟ್ಟೆ ಸೇರಿತು, ಗುಂಡಿ ಮಣ್ಣಲ್ಲಿ ಉಳಿಯಿತು. ಹತ್ತೊಂಬತ್ತು ಓಕ್ ಎಲೆಗಳೆಂದರೆ ಆ ಮಿಲಿಷಿಯಾದ ಹಳೆ ಕೋಟುಗಳ ಒಂದು ಮೂಟೆ, ಅಷ್ಟೆ. ಅದನ್ನು ಹಾಕಿಕೊಂಡಿದ್ದ ಒಬ್ಬ ಸಿಪಾಯಿಯೂ ಈ ಹೊಲವನ್ನು ಕಣ್ಣಲ್ಲಿ ಕಂಡಿರಲಿಕ್ಕಿಲ್ಲ.

ಅವಳು ಭೂತಗನ್ನಡಿ ಕೆಳಗಿಟ್ಟಳು. ಒಂದು ಅವಕಾಶ ಕೊಡೋಣ, ಒಂದೇ ಒಂದು ಎಂದುಕೊಂಡಳು.

"ಸೀಸದ ಗುಂಡು ಸಿಕ್ತಾ ಅಲ್ಲಿ?"

"ಒಂದೂ ಇಲ್ಲ."

"ನಾಣ್ಯ? ಬೆಲ್ಟಿನ ಬಕಲ್ಲು? ಚಮಚ?"

"ಇಲ್ಲ. ಶಿಸ್ತಿನ ಪಡೆ ಏವಿಸ್, ಚೆಲ್ಲಾಪಿಲ್ಲಿ ಮಾಡಿ ಹೋಗಿಲ್ಲ."

ಚಮಚ ಬಿಡದಷ್ಟು ಶಿಸ್ತಿನವರು ಹತ್ತೊಂಬತ್ತು ಗುಂಡಿ ಬಿಟ್ಟುಹೋದರು! ಏವಿಸ್ ಚಹಾ ಬಗ್ಗಿಸಿದಳು, ಹಾಲು ಹಾಕಿದಳು.

"ಈ ಉಳಿದವು?" ಎಂದು ಕೇಳಿದಳು.

"ಅಯ್ಯೋ, ಅವು ದಾರಿಹೋಕರವು. ಅವನ್ನ ಪ್ರದರ್ಶನಕ್ಕೆ ಇಡಲ್ಲ." ಅವನು ಚಹಾ ಹೀರಿದ. ಕಪ್ಪು ಕೆಳಗಿಟ್ಟ. "ಒಂದು ಮಾತು. ಹೋದ ಸಲ ಏನೋ ಒಂದು ಕಸಿವಿಸಿ ಆಯ್ತು. ಈ ಸಲ ಕರಪತ್ರದಲ್ಲಿ ನಿಮ್ಮ ಹೆಸರು ಹಾಕೋಣ ಅಂತ. 'ಗುಂಡಿಗಳನ್ನು ಗುರುತಿಸಿದವರು, ಏವಿಸ್ ಚಿಟೆಂಡೆನ್.' ಹೇಗೆ?"

ಎರಡು ವರ್ಷ ಅವಳು ಆಸೆಪಟ್ಟಿದ್ದ ಆ ನಾಲ್ಕು ಪದಗಳು ಮೇಜಿನ ಮೇಲೆ, ಸಕ್ಕರೆ ಬಟ್ಟಲಿನ ಪಕ್ಕ ಬಂದು ಕೂತವು. ಕೈ ಚಾಚಿದರೆ ಸಿಗುತ್ತವೆ. ಆದರೆ ಆ ಹೆಸರು ಹೋಗಿ ಅಂಟುವುದು ಇಂಥ ಒಂದು ಮೂರ್ಖತನಕ್ಕೆ. ಹೆಸರು ಬೇಕೆಂದರೆ ಅವನಿಗೆ ಈಗಲೇ ನಿಜ ಹೇಳಿ ಅವನ ಮಾನ ಉಳಿಸಬೇಕು. ಅವನ ಮಾನ ಹೋಗಲಿ ಎಂದರೆ ಹೆಸರು ಬಿಡಬೇಕು.

"ನನ್ನ ಹೆಸರು ಬೇಡ" ಎಂದಳು.

"ಅಲ್ಲ, ನಿಜವಾಗ್ಲೂ..."

"ಬೇಡ ರಾಡ್ನಿ. ಹೊಲ ಹುಡುಕಿದ್ದು ನೀವು, ಕಲ್ಲು ನಿಮ್ಮದು. ನಡುವೆ ನಾನ್ಯಾಕೆ?"

ಅವನ ಮುಖದಲ್ಲಿ ಆಗ ಸುಳಿದದ್ದನ್ನು ಅವಳು ಗುಂಡಿ ನೋಡುವ ಕಣ್ಣಿನಿಂದಲೇ ನೋಡಿದಳು. ಅದು ನಿರಾಳ. ಕೇಳುವಷ್ಟು ಕೇಳಿದೆ, ಬೇಡ ಅಂದಳು, ಇನ್ನು ನನ್ನ ಮೇಲೆ ಋಣವಿಲ್ಲ ಎಂಬ ನಿರಾಳ. ಎರಡನೇ ಸಲ ಕೇಳಲೂ ಇಲ್ಲ. ಬಿಸ್ಕತ್ತಿನ ಡಬ್ಬಿ ಮುಚ್ಚಿ ಎದ್ದ. ಬಾಗಿಲಲ್ಲಿ, "ಬೇರೆ ಏನಾದರೂ ಹೇಳೋದಿದ್ಯಾ ಇವುಗಳ ಬಗ್ಗೆ?" ಎಂದ.

"ಗುಂಡಿ ಬಗ್ಗೆ ನೀವು ಕೇಳಿದ್ದೆಲ್ಲ ಹೇಳಿದೀನಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮುಂದಿನ ವಾರ ಅವಳು ಒಂದು ಸೀಸೆ ಗೂಸ್‌ಬೆರಿ ಹಣ್ಣಿನ ಜಾಮ್ ತೆಗೆದುಕೊಂಡು ಮಿಸ್ ವಿನ್ ಲಕ್‌ಹರ್ಸ್ಟಳನ್ನು ನೋಡಲು ಹೋದಳು. ಮಿಸ್ ಲಕ್‌ಹರ್ಸ್ಟ್‌ಗೆ ಎಂಬತ್ತಾರು. ಹಾಪ್ ತೋಟ ಕಿತ್ತು ಮೂವತ್ತು ವರ್ಷವಾಗಿತ್ತು. ಹಾಪ್ ಒಣಗಿಸುತ್ತಿದ್ದ ದುಂಡು ಗೂಡಿನ ಮನೆಯಲ್ಲಿ ಈಗ ಅವಳ ಕೋಳಿಗಳಿದ್ದವು. ಮುದುಕಿ ಹಿತ್ತಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ನಿಮ್ಮ ಹೊಲದಲ್ಲಿ ಸೈನ್ಯ ಇತ್ತಂತೆ" ಎಂದಳು ಏವಿಸ್, ಕೂತು ಬಟಾಣಿಗೆ ಕೈ ಹಾಕುತ್ತ.

"ಅದನ್ನೇ ಆ ಮನುಷ್ಯ ಕಿರುಚಿಕೊಂಡು ಹೇಳಿ ಹೋದ. ನನಗೆ ಕಿವಿ ಕೇಳಲ್ಲ ಅಂದ್ಕೊಂಡಿದಾನೆ. 'ಅಜ್ಜೀ, ನಿಮ್ಮ ಹೊಲದಲ್ಲಿ ಚರಿತ್ರೆ ಇದೇ!' ಅಂತ. ನನ್ನ ಕಿವಿ ಸರಿಯಾಗಿದೆ. ಕಾಲು ಸರಿ ಇಲ್ಲ."

"ಅಗೆಯೋಕೆ ಒಪ್ಪಿಗೆ ಕೊಟ್ಟಿದ್ದು ನೀವಲ್ವಾ?"

"ನನ್ನ ತಮ್ಮನ ಮಗ. ಹೊಲ ನನ್ನದು, ರುಜು ಅವನದು. ಗಂಡಸರು ಗಂಡಸರು ಮಾತಾಡ್ಕೊಂಡ್ರು." ಮುದುಕಿ ಒಂದು ಬಟಾಣಿ ಬಾಯಿಗೆ ಹಾಕಿಕೊಂಡಳು. "ಸೈನ್ಯ ಅಂತೆ! ಚಿಂದಿ ಮೂಟೆ ಬಿಚ್ಚೋದು ನನ್ನ ಕೆಲಸ ಆಗಿತ್ತು ಹುಡುಗಿ. ಹತ್ತು ವರ್ಷದವಳಿದ್ದಾಗಿಂದ. ಒದ್ದೆ ಉಣ್ಣೆ ವಾಸನೆ, ಬೆವರು, ಇನ್ನೂ ಏನೇನೋ. ನಮ್ಮಜ್ಜನ ಕಾಲದಿಂದ್ಲೂ ಕೆಂಪು ಕೋಟು ಬರ್ತಿತ್ತಂತೆ, ನನ್ನ ಕಾಲಕ್ಕೆ ಮಣ್ಣಿನ ಬಣ್ಣದ್ದು, ದೊಡ್ಡ ಯುದ್ಧದ್ದು. ಕೆಲವದರಲ್ಲಿ ತೂತು ಇರ್ತಿತ್ತು. ನಮ್ಮಮ್ಮ 'ಆ ತೂತು ನೋಡ್ಬೇಡ, ಕತ್ತರಿಸು' ಅಂತಿದ್ಲು."

ಏವಿಸ್‌ಳ ಕೈ ಸಿಪ್ಪೆಯ ಮೇಲೆ ನಿಂತಿತು. ಮುದುಕಿ ಅವಳ ಮುಖ ನೋಡಿದಳು.

"ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಅವನಿಗೆ ಹೇಳಿಲ್ಲ."

"ಅವರು ಕೇಳಿಲ್ಲ."

"ಹ್ಞೂಂ." ಮಿಸ್ ಲಕ್‌ಹರ್ಸ್ಟ್ ಇನ್ನೊಂದು ಬಟಾಣಿ ಕಾಯಿ ಬಿಡಿಸಿದಳು. "ಏನು ಮಾಡಿದ ಅವನು ನಿನಗೆ?"

ಏವಿಸ್ ಹೇಳಿದಳು. ಎರಡು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ಅದು ಎಷ್ಟು ಚಿಕ್ಕದಾಗಿ ಕೇಳಿಸಿತು! ನಾಲ್ಕು ನೋಟುಪುಸ್ತಕ, ಒಂದು ಹಾಸ್ಯದ ಮಾತು. ಯಾರೂ ಸತ್ತಿಲ್ಲ, ಯಾರ ಮನೆಯೂ ಮುರಿದಿಲ್ಲ. ಮುದುಕಿ "ಅಷ್ಟಕ್ಕೇನಾ?" ಎಂದುಬಿಟ್ಟರೆ ಎಂದು ಹೆದರಿದಳು.

ಮುದುಕಿ ಅನ್ನಲಿಲ್ಲ. "ಆ ಕಲ್ಲಿನ ಪರದೆ ಎಳೆಯೋಕೆ ನನ್ನನ್ನೇ ಕರೆದಿದಾನೆ" ಎಂದಳು. "'ನೀವು ಸುಮ್ನೆ ಹಗ್ಗ ಎಳೀರಿ ಅಜ್ಜಿ, ಮಾತು ನಾನಾಡ್ತೀನಿ' ಅಂದ. ನಾನೇನು ಮಾಡ್ಲಿ?"

"ಕೇಳಿದ್ರೆ ಹೇಳಿ. ಕೇಳದಿದ್ರೆ ಬೇಡ."

"ಅಂಥೋರು ಕೇಳ್ತಾರೆ. ಉತ್ತರ ಬೇಕು ಅಂತಲ್ಲ, ಕೇಳೋದು ಚೆನ್ನಾಗಿ ಕಾಣುತ್ತೆ ಅಂತ" ಎಂದಳು ಮಿಸ್ ಲಕ್‌ಹರ್ಸ್ಟ್.

ಆಗಸ್ಟ್ ಪೂರ್ತಿ ಏವಿಸ್ ಆ ಗುಟ್ಟನ್ನು ಬಸುರಿನ ಹಾಗೆ ಹೊತ್ತು ತಿರುಗಿದಳು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಅದು ಒದೆಯುತ್ತಿತ್ತು. ಶಾಲೆಗೆ ರಜೆ, ಮನೆಯಲ್ಲಿ ಪ್ಲಮ್ ಹಣ್ಣು ಕುದಿಸುತ್ತ, ಕಿಟಕಿ ಒರೆಸುತ್ತ, ಹಾಗ್ಬೆನ್‌ನ ಮುಖ ಬಿಳಿಚುವುದನ್ನು ಹತ್ತು ಬಗೆಯಲ್ಲಿ ನೋಡಿದಳು. ಅಷ್ಟು ಸುಖ ಅವಳಿಗೆ ಸ್ಟಾನ್ಲಿ ಹೋದಮೇಲೆ ಸಿಕ್ಕಿರಲಿಲ್ಲ. ಅದು ಅವಳಿಗೇ ಹೇಸಿಗೆಯಾಗುತ್ತಿತ್ತು. ತಾನು ಒಳ್ಳೆಯವಳೆಂದು ಐವತ್ತೇಳು ವರ್ಷ ನಂಬಿದ್ದಳು. ಮಕ್ಕಳಿಗೆ ಎರಡನೇ ಸಲ ಪುಡಿಂಗ್ ಬಡಿಸುವವಳು, ನೆರೆಮನೆಯ ಬೆಕ್ಕಿಗೆ ಹಾಲಿಡುವವಳು. ಒಳ್ಳೆಯತನ ಅಂದರೆ ಇದುವರೆಗೆ ಅವಕಾಶ ಸಿಗದಿದ್ದದ್ದು ಮಾತ್ರವೋ ಏನೋ.

ಸಮಾರಂಭಕ್ಕೆ ಹತ್ತು ದಿನವಿದ್ದಾಗ ಹಿಲರಿ ಬಂದಳು. ಹಿಲರಿ ಸಂಘದಲ್ಲೇ ಇದ್ದಳು. ಏವಿಸ್ ಎದುರು ಸಂಘದ ಮಾತು ಬಂದಾಗ ಅವಳ ದನಿ ಒಂದು ಸುತ್ತು ಸಣ್ಣಗಾಗುತ್ತಿತ್ತು.

"ಕಲ್ಲು ಬಂತು ಕಣೇ. ಎಷ್ಟು ದೊಡ್ಡದು ಅಂತೀಯ! 'ಇಲ್ಲಿ ಬೀಡುಬಿಟ್ಟ ವೀರರ ನೆನಪಿಗೆ' ಅಂತ ಕೆತ್ತಿದಾರೆ. ಕೆಳಗಡೆ ಅವನ ಹೆಸರು. ಪಾಪ, ನಿದ್ದೆ ಇಲ್ಲದೆ ಓಡಾಡ್ತಿದಾನೆ. ಅವನ ಹೆಂಡತಿ ಹೇಳ್ತಿದ್ಲು, ಕನ್ನಡಿ ಮುಂದೆ ನಿಂತು ಭಾಷಣ ಅಭ್ಯಾಸ ಮಾಡ್ತಾನಂತೆ."

ಕನ್ನಡಿಯ ಮಾತು ಏವಿಸ್‌ಗೆ ಎಲ್ಲಿಯೋ ಚುಚ್ಚಿತು. ಅರವತ್ತೈದು ದಾಟಿದ ಗಂಡಸು, ಕನ್ನಡಿಯ ಮುಂದೆ, ಬಾಯಿಪಾಠ. ಹಿಲರಿ ಹೋದಮೇಲೂ ಆ ಚಿತ್ರ ಹೋಗಲಿಲ್ಲ. ಮಾರನೆಯ ಬೆಳಗ್ಗೆ ಅವಳು ಏಳುವಾಗಲೇ ನಿರ್ಧರಿಸಿಬಿಟ್ಟಿದ್ದಳು. ಹೇಳಿಬಿಡೋಣ. 'ರಾಡ್ನಿ, ಆ ಕೊಂಡಿಯ ಬಟ್ಟೆ ನೋಡಿ' ಅಂದರೆ ಸಾಕು. ಟೆಲಿಫೋನಿನ ಮೇಲೆ ಕೈ ಇಟ್ಟಳು. ಅಷ್ಟರಲ್ಲಿ ಬಾಗಿಲ ಸೀಳಿನಿಂದ ಅಂಚೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಸಮಾರಂಭದ ಕರಪತ್ರ, ಹೊಳೆಯುವ ಕಾಗದ. ಒಳಗೆ ಅವಳೇ ಬರೆದಿದ್ದ ಓಕ್ ಎಲೆಯ ಗುಂಡಿಯ ಚಿತ್ರ. ಕೊನೆಯ ಸಾಲಿನಲ್ಲಿ, ಪೆಂಡಾಲಿನವರು ಕುರ್ಚಿಯವರು ಎಲ್ಲರ ನಂತರ, 'ಗುಂಡಿಗಳನ್ನು ಶುಚಿಗೊಳಿಸಿದ ಶ್ರೀಮತಿ ಏವಿಸ್ ಚಿಟೆಂಡೆನ್ ಅವರಿಗೂ ಕೃತಜ್ಞತೆಗಳು.'

ಹೆಸರು ಬೇಡವೆಂದಿದ್ದಳು. ಅವನು ಹಾಕಿದ್ದ. ಅದೇ ತೊಳೆಯುವವಳ ಜಾಗದಲ್ಲಿ.

ಏವಿಸ್ ಅದನ್ನು ಎರಡು ಸಲ ಓದಿದಳು. ಟೆಲಿಫೋನಿನ ಮೇಲೆ ಧೂಳಿತ್ತು, ಸೆರಗಿನಂತೆ ಇಳಿಬಿದ್ದಿದ್ದ ಏಪ್ರನ್ನಿನ ಅಂಚಿನಿಂದ ಒರೆಸಿದಳು. ಆಮೇಲೆ ಪ್ಲಮ್ ಜಾಮ್ ಸೀಸೆಗಳಿಗೆ ಚೀಟಿ ಅಂಟಿಸಲು ಕೂತಳು.

ಸೆಪ್ಟೆಂಬರಿನ ಆ ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಹೊಲದಂಚಿನಲ್ಲಿ ನೂರೈವತ್ತು ಜನ. ಬಿಳಿ ಪೆಂಡಾಲು, ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಮಖಮಲ್ಲಿನ ಮೇಲೆ ಹತ್ತೊಂಬತ್ತು ಗುಂಡಿಗಳು, ಹಿತ್ತಾಳೆಯ ವಾದ್ಯದವರು, ಬಾವುಟ ಹೊದಿಸಿದ ಕಲ್ಲು. ಪತ್ರಿಕೆಯ ಹುಡುಗಿ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದಳು. ಹಿಂದಿನ ಸಾಲಿನಲ್ಲಿ ಹಳೆಯ ಹಾಪ್ ಕೂಲಿಗಳು ಮೂರು ನಾಲ್ಕು ಜನ ಕೈಕಟ್ಟಿ ನಿಂತಿದ್ದರು. ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದ ರೀತಿಯಲ್ಲೇ ಏವಿಸ್‌ಗೆ ತಿಳಿಯಿತು, ಇವರಿಗೂ ಗೊತ್ತಿದೆ. ಇವರನ್ನೂ ಯಾರೂ ಕೇಳಿಲ್ಲ.

ಹಾಗ್ಬೆನ್ ಇಪ್ಪತ್ತು ನಿಮಿಷ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಚಳಿಯಲ್ಲಿ ಉರಿದ ಬೆಂಕಿಗಳು, ಕಡಲಿನ ಕಡೆ ನೋಡುತ್ತ ಕಾವಲು ನಿಂತ ಉತ್ತರದ ತರುಣರು, ಮನೆಗೆ ಬರೆಯದ ಪತ್ರಗಳು. ಒಂದಿಬ್ಬರು ಮೂಗು ಒರೆಸಿಕೊಂಡರು. ಆಮೇಲೆ ಅವನು ಮಿಸ್ ಲಕ್‌ಹರ್ಸ್ಟಳ ತೋಳು ಹಿಡಿದು ಕಲ್ಲಿನ ಬಳಿ ತಂದ. ಅವಳು ಹಗ್ಗ ಎಳೆದಳು. ಬಾವುಟ ಜಾರಿತು, ಚಪ್ಪಾಳೆ. ಚಪ್ಪಾಳೆ ಇಳಿಯುತ್ತಿದ್ದಂತೆ ಹಾಗ್ಬೆನ್ ಮೈಕನ್ನು ಮುದುಕಿಯ ಬಾಯಿಗೆ ಹಿಡಿದು, ಪತ್ರಿಕೆಯ ಹುಡುಗಿಯ ಕಡೆ ಕಣ್ಣಿಟ್ಟು, ಗಟ್ಟಿಯಾಗಿ ಕೇಳಿದ:

"ನಿಮ್ಮ ಮನೆತನ ಇಲ್ಲಿ ಇನ್ನೂರು ವರ್ಷದಿಂದ ಇದೆ, ಅಲ್ವಾ ಅಜ್ಜಿ? ಈ ಸೈನಿಕರ ಬಗ್ಗೆ ಏನಾದ್ರೂ ಕಥೆ ಕೇಳಿದೀರಾ ಚಿಕ್ಕವರಿದ್ದಾಗ?"

"ಸೈನಿಕರಾ?" ಮಿಸ್ ಲಕ್‌ಹರ್ಸ್ಟಳ ದನಿ ಮೈಕಿನಲ್ಲಿ ಹೊಲದಾಚೆಗೂ ಹೋಯಿತು. "ಇಲ್ಲಪ್ಪ. ಇಲ್ಲಿಗೆ ಸೈನಿಕರು ಬಂದಿಲ್ಲ. ಅವರ ಕೋಟು ಬಂದಿದ್ವು."

"ಅಂದ್ರೆ..."

"ಮೂಟೇಲಿ. ಲಂಡನ್‌ನಿಂದ. ಹಾಪ್ ಬಳ್ಳಿಗೆ ಗೊಬ್ಬರ. ನಾನೇ ಕತ್ತರಿಸ್ತಿದ್ದೆ."

ಹಾಗ್ಬೆನ್ ಮೈಕನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಹಿಂದಿನ ಸಾಲಿನ ಒಬ್ಬ ಮುದುಕ, ಎರಡು ತಿಂಗಳಿಂದ ನುಂಗಿಕೊಂಡಿದ್ದನೋ ಏನೋ, ತಡೆಯಲಾರದೆ ಕೂಗಿದ: "ನಿಜ ಸ್ವಾಮೀ! ನಮ್ಮಪ್ಪಾನೂ ಹಾಕ್ತಿದ್ದ! ಇಲ್ಲಿ ಬೀಡು ಬಿಟ್ಟಿದ್ದು ಚಿಂದಿ ಗಾಡಿ!"

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದೆ ಬಂತು. ಮೊದಲು ಕೆಮ್ಮಿನ ಹಾಗೆ, ಆಮೇಲೆ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳದೆಯೇ. ವಾದ್ಯದವರಲ್ಲಿ ತುತ್ತೂರಿಯವನಿಗೆ ನಗು ತಡೆಯಲಾಗದೆ ತುತ್ತೂರಿಯೇ ಪುಸ್ಸೆಂದಿತು. ಪತ್ರಿಕೆಯ ಹುಡುಗಿ ಬರೆದುಕೊಳ್ಳುತ್ತಿದ್ದಳು.

ಏವಿಸ್ ನಗಲಿಲ್ಲ. ಅವಳು ಬರೀ ನೋಡುತ್ತಿದ್ದಳು. ಎರಡು ವರ್ಷ ಕಾದ ಊಟವನ್ನು ಅವಸರದಲ್ಲಿ ನುಂಗಬಾರದು.

ಹಾಗ್ಬೆನ್‌ನ ಕಣ್ಣು ಜನರ ಮೇಲೆಲ್ಲ ಓಡಿ ಅವಳ ಮೇಲೆ ಬಂದು ನಿಂತಿತು. ಮುಳುಗುವವನು ಹುಲ್ಲುಕಡ್ಡಿ ಕಂಡ ಹಾಗೆ ಅವನು ಕೈ ನೀಡಿ ತೋರಿಸಿದ.

"ಏವಿಸ್! ಏವಿಸ್ ಹೇಳಲಿ! ಈ ಗುಂಡಿಗಳನ್ನ ಗುರುತಿಸಿದ್ದು ನಾನಲ್ಲ, ಆಕೆ! ನಾನು ಆಕೆ ಮಾತು ನಂಬಿದೆ, ಅಷ್ಟೆ!"

ನೂರೈವತ್ತು ಮುಖಗಳು ತಿರುಗಿದವು. ಏವಿಸ್ ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಎದೆ ಈ ಸಲ ಶಾಂತವಾಗಿತ್ತು.

"ನಾನು ತೊಳೆಯೋಳು ಅಂತ ಕರಪತ್ರದಲ್ಲಿದೆಯಲ್ಲ, ರಾಡ್ನಿ."

"ತೊಳೆಯೋದಲ್ಲ! ಗುರುತಿಸೋದು! ಎಲ್ಲಾ ನೀನೇ ಗುರುತಿಸಿದ್ದು! ಜುಲೈನಲ್ಲಿ ನಿನ್ನ ಮನೇಲಿ ಕೂತು..."

"ಇವು ಮಾತ್ರಾನಾ? ಪುಸ್ತಕದ್ದು?"

"ಪುಸ್ತಕದ್ದೂ!" ಅವನು ಮೈಕು ಮರೆತಿದ್ದ; ಅದು ಅವನ ಕೈಯಲ್ಲೇ ಇತ್ತು. "ಪುಸ್ತಕದ ಒಂದೊಂದು ಗುಂಡೀನೂ ನೀನು ಹೇಳಿದ್ದೇ! ಚಿತ್ರ, ಬರಹ ಎಲ್ಲಾ ನಿಂದೇ! ತಪ್ಪಿದ್ರೆ ನಿನ್ನ ತಪ್ಪು, ನಂದಲ್ಲ!"

ನಗು ನಿಂತಿತ್ತು. ಸಂಘದವರು ಕೂತಿದ್ದ ಎರಡು ಸಾಲುಗಳಲ್ಲಿ ಯಾರೂ ಅಲುಗಾಡಲಿಲ್ಲ. ಹಿಲರಿ ತನ್ನ ಮಡಿಲನ್ನು ನೋಡಿಕೊಳ್ಳುತ್ತಿದ್ದಳು. ಹಾಗ್ಬೆನ್‌ಗೆ ತಾನು ಏನು ಹೇಳಿದೆನೆಂಬುದು ಆಗ ಕೇಳಿಸಿರಬೇಕು. ಕೈಯಲ್ಲಿದ್ದ ಮೈಕನ್ನು ನೋಡಿ ಕೆಳಗಿಳಿಸಿದ.

ಏವಿಸ್ ಆ ಎರಡು ಸಾಲುಗಳ ಒಂದೊಂದು ಮುಖವನ್ನೂ ನೋಡಿದಳು. ಆಮೇಲೆ, ಶಾಲೆಯ ಊಟದ ಕೋಣೆಯಲ್ಲಿ ಕೊನೆಯ ಬೆಂಚಿಗೂ ಕೇಳಿಸುವ ತನ್ನ ದನಿಯಲ್ಲಿ ಹೇಳಿದಳು:

"ಹೌದು, ನಾನೇ ಗುರುತಿಸಿದ್ದು. ಒಂದೂ ತಪ್ಪಿಲ್ಲ. ಅವು ಆ ಮಿಲಿಷಿಯಾದ ಗುಂಡಿಗಳೇ, ಆ ಕಾಲದ್ದೇ. ಆದರೆ ನೀವು ನನ್ನನ್ನ ಕೇಳಿದ್ದು ಗುಂಡಿ ಬಗ್ಗೆ. ಹೊಲ ಗುರುತಿಸಿದ್ದು ನೀವು."

ಪತ್ರಿಕೆಯ ಹುಡುಗಿ ತಲೆಯೆತ್ತಿ, "ನಿಮ್ಮ ಹೆಸರು ಹೇಗೆ ಬರೀಬೇಕು, ಮೇಡಂ?" ಎಂದಳು. ಏವಿಸ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಆಮೇಲೆ ಜನ ಚದುರಿ ಪೆಂಡಾಲಿನ ಕಡೆ ಹೋದರು, ತಿಂಡಿಯ ಮೇಲೆ ಯಾರಿಗೂ ಬೇಸರವಿರಲಿಲ್ಲ. ಮಿಸ್ ಲಕ್‌ಹರ್ಸ್ಟಳ ಸುತ್ತ ಗುಂಪು ನೆರೆದು ಚಿಂದಿಯ ಕಥೆ ಕೇಳುತ್ತಿತ್ತು. ಹಾಗ್ಬೆನ್ ಕಲ್ಲಿನ ಪಕ್ಕ ಒಬ್ಬನೇ ಬಾವುಟವನ್ನು ಮಡಚುತ್ತಿದ್ದ. ಮಡಿಕೆ ಸರಿಬಾರದೆ ಬಿಚ್ಚಿ ಮತ್ತೆ ಮಡಚುತ್ತಿದ್ದ. ಅವನ ಹೆಂಡತಿ ದೂರದಲ್ಲಿ ಕಾರಿನೊಳಗೆ ಕೂತಿದ್ದಳು.

ಹಿಲರಿ ಬಂದು ಏವಿಸ್‌ಳ ಪಕ್ಕ ನಿಂತಳು. ಕಣ್ಣು ಕೆಂಪಾಗಿತ್ತು.

"ನಿಂಗೆ ಮೊದಲೇ ಗೊತ್ತಿತ್ತು ಅಲ್ವಾ? ಜುಲೈನಿಂದ?"

"ಗೊತ್ತಿತ್ತು."

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ. ನೋಡು ಅವನ್ನ. ಪಾಪ ಅನ್ಸಲ್ವಾ?"

ಏವಿಸ್ ನೋಡಿದಳು. ಬಾಗಿದ ಬೆನ್ನು, ಬಿಸಿಲಿಗೆ ಕೆಂಪಾದ ಕತ್ತು, ಕೈಗೆ ಸಿಗದ ಬಾವುಟದ ತುದಿ. ತನ್ನೊಳಗೆ ಇಳಿದು ಹುಡುಕಿದಳು, ಎಲ್ಲಾದರೂ ಒಂದು ಚೂರು ಕನಿಕರ ಸಿಗುತ್ತದೋ ಎಂದು. ಪ್ರಾಮಾಣಿಕವಾಗಿಯೇ ಹುಡುಕಿದಳು.

"ಅನ್ನಿಸ್ಬೇಕಿತ್ತು" ಎಂದಳು. "ಅನ್ನಿಸ್ತಾ ಇಲ್ಲ ಹಿಲರಿ. ಮುಂದೆ ಯಾವತ್ತಾದ್ರೂ ಅನ್ನಿಸಿದ್ರೆ ಹೇಳ್ತೀನಿ."

"ನೀನು ಹಿಂಗಿರಲಿಲ್ಲ."

"ಇದ್ದೆ. ನೀವೆಲ್ಲ ನಗ್ತಿದ್ರಲ್ಲ, ಕಾಣಿಸಿಲ್ಲ."

ಏವಿಸ್‌ಗೆ ಇದ್ದಕ್ಕಿದ್ದಂತೆ ವಿಪರೀತ ಹಸಿವಾಗಿತ್ತು, ಕೆಲಸ ಮುಗಿಸಿದ ಮೈಗೆ ಆಗುವ ಹಸಿವು. ಪೆಂಡಾಲಿನೊಳಗೆ ಹೋಗಿ ತಟ್ಟೆ ತೆಗೆದುಕೊಂಡಳು. ಹಂದಿಮಾಂಸದ ಸ್ಯಾಂಡ್‌ವಿಚ್ ಎರಡು, ಕ್ರೀಮು ಹಾಕಿದ ಸ್ಕೋನ್ ಬನ್ ಒಂದು, ಮತ್ತೊಂದು. ನೆರಳಿನಲ್ಲಿ, ಕಲ್ಲು ಎದುರಿಗೆ ಚೆನ್ನಾಗಿ ಕಾಣುವಂಥ ಒಂದು ಕುರ್ಚಿ ಆರಿಸಿಕೊಂಡು, ಕೂತು, ನಿಧಾನವಾಗಿ ತಿನ್ನತೊಡಗಿದಳು.